ಮುಟ್ಟಿದಾಗ ಹೂಂ ಅನ್ನು

ಆಕೆ ಕಣ್ಣು ಮುಚ್ಚಿ ಕುಳಿತಿದ್ದಳು. ಎರಡೂ ಕೈ ಮುಂದಿದ್ದ ದಿಂಬಿನ ಮೇಲೆ ಅಂಗಾತ ಇದ್ದವು. ನಾನು ಎದುರಿನ ಸ್ಟೂಲಿನ ಮೇಲೆ ಕುಳಿತು, ಪ್ಲಾಸ್ಟಿಕ್ ಹಿಡಿಕೆಗೆ ಸಿಕ್ಕಿಸಿದ ಗಟ್ಟಿ ನೈಲಾನ್ ಎಳೆಯೊಂದನ್ನು ಆಕೆಯ ಬೆರಳ ತುದಿಗೆ ಒತ್ತುತ್ತಿದ್ದೆ. ಎಳೆ ತುಸು ಬಾಗುವವರೆಗೆ ಒತ್ತಿ ಬಿಡಬೇಕು. ನರ ನೆಟ್ಟಗಿದ್ದರೆ ಮುಟ್ಟಿದ್ದು ತಿಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

“ನಾ ಮುಟ್ಟಿದಾಗ ಹೂಂ ಅನ್ನು, ಅಷ್ಟ.”

“ಹೂಂ,” ಅಂದಳು. ಮತ್ತೊಂದು ಬೆರಳು. “ಹೂಂ.” ಇನ್ನೊಂದು. “ಹೂಂ.”

ಒಂದು ಬೆರಳೂ ತಪ್ಪಲಿಲ್ಲ. ಕಣ್ಣು ತೆರೆದವಳೇ ನನ್ನ ಕೈಯಲ್ಲಿದ್ದ ಎಳೆಯನ್ನು ನೋಡಿ ನಕ್ಕಳು.

“ಇದ್ಯಾವ ನೂಲ್ರೀ ಬಾಯಾರ? ಇಷ್ಟು ಬಿರುಸು ನೂಲು ನಮ್ಮೂರಾಗ ಪುಕ್ಕಟ ಕೊಟ್ರೂ ಯಾರೂ ಮುಟ್ಟಂಗಿಲ್ಲ.”

ಬನಹಟ್ಟಿಯ ನೇಕಾರರ ಮನೆಯ ಸೊಸೆ. ನೂಲಿನ ವಿಷಯದಲ್ಲಿ ನನ್ನನ್ನು ಛೇಡಿಸುವ ಹಕ್ಕು ಆಕೆಗಿತ್ತು. ನಾನೂ ನಕ್ಕು, ಸಿಸ್ಟರ್‌ಗೆ ಸಲೈನ್ ಹಚ್ಚಲು ಹೇಳಿ ಮುಂದಿನ ಮಂಚಕ್ಕೆ ಹೋದೆ.

ನಾನು ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಜಿಷಿಯನ್. ಕ್ಯಾನ್ಸರ್ ತಜ್ಞೆಯಲ್ಲ. ಬೆಳಗಾವಿಯ ತಜ್ಞರೊಬ್ಬರು ಆಪರೇಷನ್ ಆದವರಿಗೆ ಬರೆದುಕೊಡುವ ಕಿಮೋಥೆರಪಿಯನ್ನು, ವಾರ ವಾರ ಅಷ್ಟು ದೂರ ಹೋಗಲಾರದ ಹೆಂಗಸರಿಗೆ ಇಲ್ಲೇ ಕೊಡುತ್ತೇನೆ. ಮುಧೋಳ, ಬೀಳಗಿ, ಗಲಗಲಿ, ಸಾವಳಗಿ, ತೇರದಾಳ ಎಲ್ಲ ಕಡೆಯಿಂದ ಬರುತ್ತಾರೆ. ಬೆಳಿಗ್ಗೆ ಬಸ್ಸಿಳಿದು ಬಂದು ಸಂಜೆಯ ಬಸ್ಸಿಗೆ ಮನೆಗೆ ಹೋಗುತ್ತಾರೆ. ಸಣ್ಣ ವಾರ್ಡು, ಕೆಲವೇ ಮಂಚ, ಕಿಟಕಿಯಾಚೆ ಬೇವಿನ ಗಿಡ. ಈ ಕೆಲಸ ಮಾಡುವ ಇನ್ನೊಬ್ಬರು ಸುತ್ತಮುತ್ತ ಇದ್ದರೂ ಇರಬಹುದು, ನಾನಂತೂ ಯಾರೊಂದಿಗೂ ಕೂತು ಮಾತಾಡಿದ್ದಿಲ್ಲ. ಅನುಮಾನ ಬಂದರೆ ಫೋನು. ಫೋನು ಎತ್ತದಿದ್ದರೆ ಪುಸ್ತಕ. ಸಂಜೆ ಮನೆಗೆ ಹೋದರೆ, ಅವ್ವ ತೀರಿಕೊಂಡ ಮೇಲೆ, ಟಿ.ವಿ. ಒಂದೇ ಜೊತೆ. ಅದು ತಾನು ಮಾತಾಡುತ್ತದೆಯೇ ಹೊರತು ನನ್ನ ಮಾತು ಕೇಳುವುದಿಲ್ಲ.

ಆಕೆಗೆ ನಲವತ್ತರ ಆಸುಪಾಸು. ಎದೆಯಲ್ಲಿ ಗಂಟು ಕಂಡು, ಬೆಳಗಾವಿಯಲ್ಲಿ ಆಪರೇಷನ್ ಆಗಿ, ಮೊದಲ ಹಂತದ ಕಿಮೋ ಮುಗಿಸಿ, ಎರಡನೆಯ ಹಂತಕ್ಕೆ ನನ್ನಲ್ಲಿಗೆ ಬಂದಿದ್ದಳು. ಈ ಹಂತದ ಔಷಧಿಯ ಹೆಸರು ಪ್ಯಾಕ್ಲಿಟ್ಯಾಕ್ಸೆಲ್. ವಾರಕ್ಕೊಂದರಂತೆ ಹನ್ನೆರಡು. ಒಳ್ಳೆಯ ಔಷಧಿ, ಬಹಳ ಹೆಂಗಸರನ್ನು ಉಳಿಸಿದೆ. ಆದರೆ ಕ್ಯಾನ್ಸರಿನ ಜೀವಕೋಶಗಳ ಜೊತೆಗೆ ಅದು ನರಗಳಿಗೂ ಪೆಟ್ಟು ಕೊಡುತ್ತದೆ. ಮೈಯಲ್ಲಿ ಎಲ್ಲಕ್ಕಿಂತ ಉದ್ದದ ನರಗಳು ಕಾಲಿನವು, ಅದಕ್ಕೇ ಬಹಳ ಸಲ ಮೊದಲು ಕಾಲ್ಬೆರಳು, ಆಮೇಲೆ ಕೈಬೆರಳು. ಜೋಮು, ಉರಿ, ಸೂಜಿ ಚುಚ್ಚಿದಂಥ ನೋವು, ಕೊನೆಗೆ ಏನೂ ತಿಳಿಯದಂತೆ ಮರಗಟ್ಟುವುದು. ಔಷಧಿ ನಿಂತ ಮೇಲೆ ಬಹಳ ಮಂದಿಗೆ ನಿಧಾನವಾಗಿ ಕಡಿಮೆಯಾಗುತ್ತದೆ. ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಯಾರಿಗೆ ಉಳಿಯುತ್ತದೆ ಎಂದು ಮೊದಲೇ ಖಚಿತವಾಗಿ ಹೇಳಲು ಬರುವುದಿಲ್ಲ.

ಆಕೆಯ ಕಸುಬು ಕೆಚ್ಚುವುದು. ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಒಂದು ಹಾಸು ನೇಯ್ದು ಮುಗಿಯುತ್ತ ಬಂದಾಗ ಅದರ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯದರ ಒಂದೊಂದು ಎಳೆಗೆ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಕೂಡಿಸಬೇಕು. ಅದು ಕೆಚ್ಚುವುದು. ಎಳೆಗಳು ಸಾವಿರಗಟ್ಟಲೆ. ಆಕೆಯ ಕೈ ಹಗುರವೆಂದು ಓಣಿಯವರಷ್ಟೇ ಅಲ್ಲ, ರಬಕವಿಯಿಂದಲೂ ಕರೆಯಲು ಬರುತ್ತಿದ್ದರಂತೆ. ಇದನ್ನು ಮೊದಲ ದಿನವೇ ನನಗೆ ಹೇಳಿದ್ದಳು, ಸ್ವಲ್ಪ ಜಂಬದಿಂದಲೇ. ಆ ಬೆರಳುಗಳ ಬಗ್ಗೆ ನನಗೆ ಅಂದಿನಿಂದಲೇ ಅಂಜಿಕೆ ಶುರುವಾಗಿತ್ತು.

ನರದ ಈ ತೊಂದರೆಯನ್ನು ತಡೆಯಲು ಖಾತರಿಯ ಉಪಾಯವಿಲ್ಲ. ಔಷಧಿ ಹರಿಯುವಷ್ಟು ಹೊತ್ತು ಕೈಕಾಲು ತಣ್ಣಗಿಟ್ಟರೆ ಅಲ್ಲಿಗೆ ರಕ್ತ ಕಡಿಮೆ ಹೋಗುತ್ತದೆ, ಅದರ ಜೊತೆ ಔಷಧಿಯೂ ಕಡಿಮೆ ಹೋಗುತ್ತದೆ ಎಂಬುದು ಒಂದು ಲೆಕ್ಕಾಚಾರ. ಕೆಲವರಿಗೆ ಉಪಯೋಗವಾಗುತ್ತದೆ, ಕೆಲವರಿಗೆ ಇಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ತಣ್ಣನೆಯ ಕೈಚೀಲ, ಕಾಲುಚೀಲ ಇರುತ್ತವಂತೆ. ನಮ್ಮಲ್ಲಿ ನಾನೂ ಸಿಸ್ಟರೂ ಕೂಡಿ ಒಂದು ವ್ಯವಸ್ಥೆ ಮಾಡಿಕೊಂಡಿದ್ದೆವು. ಜೆಲ್ ತುಂಬಿದ ಐಸ್ ಪ್ಯಾಕು, ಚರ್ಮಕ್ಕೆ ನೇರ ತಾಗದಂತೆ ಹತ್ತಿ ಬಟ್ಟೆ, ಮೇಲೆ ಬ್ಯಾಂಡೇಜಿನ ಸುತ್ತು. ಬೇಸಿಗೆಯ ಜಮಖಂಡಿಯಲ್ಲಿ ಐಸು ಎಷ್ಟು ಹೊತ್ತು ತಾಳೀತು? ಬಿಚ್ಚುವುದು, ಬದಲಿಸುವುದು, ಮತ್ತೆ ಕಟ್ಟುವುದು. ಸಿಸ್ಟರ್ ಗೊಣಗುತ್ತಲೇ ಮಾಡುತ್ತಿದ್ದಳು, ಬಿಡುತ್ತಿರಲಿಲ್ಲ.

ಆಕೆಯ ಜೊತೆ ಪ್ರತಿ ವಾರ ಬರುತ್ತಿದ್ದವರು ಅತ್ತೆ. ಕುಳ್ಳಗಿನ, ಚುರುಕಿನ ಮುದುಕಿ. ಸೊಸೆಯ ನೀರಿನ ಬಾಟಲಿ, ರೊಟ್ಟಿಯ ಗಂಟು, ಹೊದಿಕೆ ಎಲ್ಲ ತಾವೇ ಹೊತ್ತು ತರುತ್ತಿದ್ದರು. ಮೊದಲ ದಿನ ಐಸು ನೋಡಿದವರೇ ಎದ್ದು ನಿಂತರು.

“ಬಾಯಾರ, ಬ್ಯಾನಿ ಬಿದ್ದಾಕಿ ಕೈಗೆ ಬರಫ ಕಟ್ತೀರೇನ್ರೀ? ನರ ಸೆಟದ ಹೋಗ್ತಾವ.”

“ಇಲ್ಲ ಆಯಿ. ನರ ಉಳೀಲಿ ಅಂತನ ಕಟ್ಟಾಕತ್ತೇನಿ.”

“ನೀವು ಕಲ್ತಾವ್ರು, ನಾ ಏನ್ ಹೇಳ್ಲಿ? ಆದ್ರ ತಂಡಿ ಅಂದ್ರ ತಂಡೀನ ಅಲ್ಲೇನ್ರೀ?”

ಹೀಗೆಂದು ಕುಳಿತುಕೊಂಡರು. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ವಾರಗಳು ಸಾಗಿದವು. ಪ್ರತಿ ಸಲ ಔಷಧಿ ಹಚ್ಚುವ ಮೊದಲು ಅದೇ ಪ್ರಶ್ನೆ ಕೇಳುತ್ತಿದ್ದೆ. ಚಹಾದ ಕಪ್ಪು ಕೈಯಿಂದ ಜಾರುತ್ತದೆಯೇ? ಕುಪ್ಪಸದ ಹುಕ್ಕು ಹಾಕಿಕೊಳ್ಳಲು ಬರುತ್ತದೆಯೇ? ನಡೆಯುವಾಗ ಚಪ್ಪಲಿ ಕಳಚಿ ಹೋದರೆ ಗೊತ್ತಾಗುತ್ತದೆಯೇ? ಎಲ್ಲಕ್ಕೂ ಆಕೆಯದು ಒಂದೇ ಉತ್ತರ: “ಆರಾಮ ಅದೀನ್ರೀ ಬಾಯಾರ.” ಆಮೇಲೆ ನೈಲಾನ್ ಎಳೆ. ಹೂಂ, ಹೂಂ, ಹೂಂ. ಐಸು ಕೆಲಸ ಮಾಡುತ್ತಿದೆ ಎಂದು ಒಳಗೊಳಗೇ ಬೀಗಿದೆ. ಬೆಳಗಾವಿಯ ತಜ್ಞರಿಗೂ ಫೋನಿನಲ್ಲಿ ಹೇಳಿ ಭೇಷ್ ಅನ್ನಿಸಿಕೊಂಡೆ.

ಒಂಬತ್ತನೆಯ ಔಷಧಿಯ ದಿನ ಸಿಸ್ಟರ್ ಕಾಲಿಗೆ ಐಸು ಕಟ್ಟಲು ಕುಳಿತವಳು ನನ್ನನ್ನು ಕೂಗಿದಳು. ಬಲ ಅಂಗಾಲಿನಲ್ಲಿ ದೊಡ್ಡ ಬೊಬ್ಬೆಯೊಂದು ಒಡೆದು ನೀರು ಸೋರುತ್ತಿತ್ತು. ಎಡ ಹಿಮ್ಮಡಿಯ ಮೇಲೆ ಇನ್ನೊಂದು ಏಳುತ್ತಿತ್ತು. ಆ ಕಾಲಿನಲ್ಲೇ ಆಕೆ ಬಸ್ ಸ್ಟ್ಯಾಂಡಿನಿಂದ ನಡೆದು ಬಂದಿದ್ದಳು.

“ಏನಾತಿದು?”

ಆಕೆ ಕಾಲನ್ನು ತೊಡೆಯ ಮೇಲೆಳೆದುಕೊಂಡು ಬಗ್ಗಿ ನೋಡಿದಳು. ನಮಗಿಂತ ಆಕೆಗೇ ಹೆಚ್ಚು ಆಶ್ಚರ್ಯವಾದಂತಿತ್ತು.

“ಗೊತ್ತಿಲ್ರೀ. ಯಾವಾಗ ಆತೋ ಏನೋ.”

ಬಾಗಿಲ ಹತ್ತಿರ ಕುಳಿತಿದ್ದ ಅತ್ತೆ ಎದ್ದು ಬಂದರು. ಕಾಲು ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು.

“ಕಾವು ಹೆಚ್ಚಾಗಿರಬೇಕ್ರೀ,” ಅಂದರು.

ಕೇಳಿ ಕೇಳಿ ತಿಳಿದುಕೊಂಡೆ. ಇಲ್ಲಿ ಐಸು ಕಟ್ಟಿಸಿಕೊಂಡು ಹೋದ ಪ್ರತಿ ಸಂಜೆ ಅವರು ಹಂಚಿನ ಮೇಲೆ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಸೊಸೆಯ ಅಂಗಾಲಿಗೆ ಕಾವು ಕೊಡುತ್ತಿದ್ದರು. ನಾನು ಏರಿಸಿದ ತಂಡಿಯನ್ನು ಅವರು ಮನೆಯಲ್ಲಿ ಇಳಿಸುತ್ತಿದ್ದರು. ಬಾಣಂತಿಗೆ, ಉಳುಕಿದ ಕಾಲಿಗೆ, ಮಂಡಿನೋವಿಗೆ ಜನ್ಮವಿಡೀ ಕೊಟ್ಟ ಕಾವೇ ಅದು. ಆದರೆ ಕಾವು ತೆಗೆದುಕೊಳ್ಳುವವರು ‘ಸಾಕು, ಸುಡುತ್ತದೆ’ ಎಂದಾಗ ಗಂಟು ಎತ್ತುವುದು ಪದ್ಧತಿ. ಈಕೆ ಅನ್ನಲಿಲ್ಲ.

“ಆಕಿ ಏನೂ ಅನ್ಲಿಲ್ರೀ ಬಾಯಾರ. ತಂಡಿ ಭಾಳ ಕುಂತೈತಿ ಅಂತ ಮತ್ತಷ್ಟು ಕಾಸಿ ಇಟ್ಟೆ.”

ಮುದುಕಿ ಸೆರಗಿನಿಂದ ಸೊಸೆಯ ಕಾಲಿಗೆ ಗಾಳಿ ಹಾಕತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತ್ತು, ಅದನ್ನು ನೋಡಿ ಬಯ್ಯಲು ಬಾಯಿ ಬರಲಿಲ್ಲ. ಸಿಸ್ಟರ್ ಜೊತೆ ಅವರನ್ನು ಹೊರಗೆ ಚಹಾಕ್ಕೆ ಕಳಿಸಿದೆ.

ಇಬ್ಬರೇ ಉಳಿದೆವು. ದಿಂಬು ಇಟ್ಟು, ಕೈ ಅದರ ಮೇಲಿಡಲು ಹೇಳಿ, ನೈಲಾನ್ ಎಳೆ ತೆಗೆದುಕೊಂಡೆ.

“ಕಣ್ಣು ಮುಚ್ಚು. ನಾ ಮುಟ್ಟಿದಾಗ ಹೂಂ ಅನ್ನು.”

ಮುಟ್ಟಿದೆ. “ಹೂಂ.” ಮುಟ್ಟಿದೆ. “ಹೂಂ.” ಆಗ ನನಗೆ ಹೊಳೆಯಿತು, ನಾನು ಯಾವಾಗಲೂ ಒಂದೇ ವೇಗದಲ್ಲಿ ಮುಟ್ಟುತ್ತೇನೆ. ಎಳೆಯನ್ನು ಸದ್ದಿಲ್ಲದೆ ಮಡಿಲಲ್ಲಿಟ್ಟು ಸುಮ್ಮನೆ ಕುಳಿತೆ.

“ಹೂಂ,” ಅಂದಳು.

ನಾನು ಮುಟ್ಟಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮತ್ತೆ, “ಹೂಂ.” ಆಮೇಲೆ ಇನ್ನೊಂದು, ಇನ್ನೂ ಗಟ್ಟಿಯಾಗಿ. ಖಾಲಿ ಗಾಳಿಗೆ ಆಕೆ ಅಷ್ಟು ಶ್ರದ್ಧೆಯಿಂದ ಹೂಂಗುಟ್ಟುತ್ತಿದ್ದಳು.

“ತಂಗೀ, ಕಣ್ಣು ತೆಗಿ,” ಅಂದೆ.

ಕಣ್ಣು ತೆರೆದು ನನ್ನ ಖಾಲಿ ಕೈ ನೋಡಿದಳು, ಮಡಿಲಲ್ಲಿದ್ದ ಎಳೆ ನೋಡಿದಳು. ಮುಖ ಬಿಳುಚಿಕೊಂಡಿತು. ಸಿಕ್ಕಿಬಿದ್ದಿದ್ದಳು, ನಾನೂ ಏನೋ ಕದ್ದು ನೋಡಿದವಳಂತೆ ನಾಚಿಕೆಪಟ್ಟೆ.

“ಯಾವಾಗಿಂದ?”

“ನಾಕನೇದ್ದು ಆದ ಮ್ಯಾಲಿಂದ್ರೀ. ಮೊದಲ ಕಾಲು. ಈಗ ಕೈನೂ. ಬೆರಳಾಗ ಎಳಿ ಐತೋ ಇಲ್ಲೋ ಗೊತ್ತಾಗಂಗಿಲ್ಲ. ಕಣ್ಣಿಲೆ ನೋಡಿ ನೋಡಿ ಹೊಸೀತಿದ್ದೆ, ಬಿಚ್ಚಿ ಹೋಗಾಕತ್ತು. ಈಗ ಯಾರೂ ಕರೆಯಾಕ ಬರೂದಿಲ್ಲ.”

“ಮನ್ಯಾಗ ಹೇಳೀಯೇನು?”

“ಹೇಳಿದೆ ಒಮ್ಮೆ. ದೊಡ್ಡ ಬ್ಯಾನೀನ ಹೋಗೇತಿ, ಬೆರಳು ಜುಮ್ಮಂದ್ರ ಏನಾತು ಅಂದ್ರು. ಖರೆ ಐತಲ್ರೀ. ನೋಡಾಕ ನಾ ಆರಾಮ ಕಾಣಸ್ತೇನಿ.”

“ನನಗರ ಹೇಳಬೇಕಿಲ್ಲೇನು?”

ಆಕೆ ದಿಂಬಿನ ಮೇಲಿದ್ದ ತನ್ನ ಕೈಗಳನ್ನು ನೋಡುತ್ತ ಹೇಳಿದಳು.

“ನಿಮಗ ಹೇಳಿದ್ರ ನಿಂದ್ರಸ್ತೀರಿ. ಹನ್ನೆರಡು ಅಂದಾರ, ಹನ್ನೆರಡು ಆಗಬೇಕ್ರೀ. ನಮ್ಮ ಮನ್ಯಾಗ ಹಾಸು ನಡುವ ಕಡಿಯಂಗಿಲ್ಲ. ನಮ್ಮ ಮಾವಾರು ಹ್ವಾದ ದಿನಾ ಸೈತ ಕಡೀಲಿಲ್ಲ. ಅರ್ಧಕ್ಕ ಕಡದ್ರ ಮಗ್ಗಾ ಬರಿದಾಗ್ತೈತಿ.”

ಔಷಧಿ ಇನ್ನೂ ಬೆರೆಸಿರಲಿಲ್ಲ. ಬೆರೆಸಬೇಡವೆಂದು ಸಿಸ್ಟರ್‌ಗೆ ಹೇಳಿ, ಸುಟ್ಟ ಕಾಲು ತೊಳೆದು ಡ್ರೆಸಿಂಗ್ ಮಾಡಿಸಿ, ಪರೀಕ್ಷೆಯನ್ನೆಲ್ಲ ಮೊದಲಿನಿಂದ ಮಾಡಿದೆ. ಟ್ಯೂನಿಂಗ್ ಫೋರ್ಕ್ ಬಡಿದು ಕಾಲಿನ ಹೆಬ್ಬೆರಳ ಮೇಲಿಟ್ಟರೆ ಅದರ ಕಂಪನ ತಿಳಿಯಲಿಲ್ಲ, ಕಾಲ್ಗಂಟಿನ ಮೇಲೂ ಇಲ್ಲ, ಮೊಣಕಾಲಿಗೆ ಬಂದಾಗ ತಿಳಿಯಿತು. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ರಬ್ಬರಿನ ಪುಟ್ಟ ಸುತ್ತಿಗೆ ಬಡಿದರೆ ಪಾದ ಅಲುಗಲಿಲ್ಲ. ಕಣ್ಣು ಮುಚ್ಚಿ ನಿಲ್ಲಲು ಹೇಳಿದರೆ ಹೊಯ್ದಾಡಿದಳು. ತಟ್ಟೆಯಲ್ಲಿ ಜೋಳದ ಕಾಳು ಹಾಕಿ, ನೋಡದೆ ಒಂದನ್ನು ಎತ್ತು ಎಂದೆ. ಬೆರಳುಗಳು ಕಾಳಿನ ಮೇಲೆ ಸುಮ್ಮನೆ ಓಡಾಡಿದವು. ಸಕ್ಕರೆ ಕಾಯಿಲೆಯಾಗಲಿ ಬಿ-ಹನ್ನೆರಡು ವಿಟಮಿನ್ನಿನ ಕೊರತೆಯಾಗಲಿ ಇಲ್ಲವೆಂದು ಹಳೆಯ ರಕ್ತಪರೀಕ್ಷೆ ಹೇಳುತ್ತಿತ್ತು. ಸಕ್ಕರೆಯನ್ನು ಅಲ್ಲೇ ಮತ್ತೊಮ್ಮೆ ನೋಡಿದೆ, ಸರಿಯಿತ್ತು. ಹಾಗಾದರೆ ಔಷಧಿಯದೇ ಕೆಲಸ.

ಬೆಳಗಾವಿಗೆ ಫೋನು ಮಾಡಿದೆ. ತಜ್ಞರು ಪೂರ್ತಿ ಕೇಳಿಸಿಕೊಂಡರು.

“ಎಂಟು ಹೋಗ್ಯಾವ. ಡೋಸ್ ಕಡಿಮಿ ಮಾಡಿ ಕೊಡಬಹುದು, ಇಲ್ಲಾ ನಿಂದ್ರಸಬಹುದು. ಇಷ್ಟು ಆಗಿತ್ತಂದ್ರ ನಾ ಆಗಿದ್ರ ನಿಂದ್ರಸ್ತಿದ್ದೆ. ಆದ್ರ ಪೇಶಂಟ್ ನಿಮ್ಮ ಕಣ್ಣ ಮುಂದ ಅದಾಳ. ನೀವ ನೋಡಿ ಮಾಡ್ರಿ ಡಾಕ್ಟರ.”

ಫೋನು ಇಟ್ಟ ಮೇಲೆ ಕಿಟಕಿಯ ಹತ್ತಿರ ನಿಂತೆ. ನನಗೆ ಹೆದರಿಕೆಯಾಗಿತ್ತು, ಅದನ್ನು ಬೇರೆ ಮಾತಿನಲ್ಲಿ ಹೇಳಲಾರೆ. ಉಳಿದ ನಾಲ್ಕು ಡೋಸು ಬಿಟ್ಟರೆ ಇಂಥ ಹೆಂಗಸರ ದೊಡ್ಡ ಗುಂಪಿಗೆ ಆಗುವ ನಷ್ಟ ಬಹುಶಃ ಸಣ್ಣದು. ಆದರೆ ನನ್ನ ಮುಂದೆ ಗುಂಪು ಇರಲಿಲ್ಲ, ಒಬ್ಬಳಿದ್ದಳು. ನಿಲ್ಲಿಸಿ, ಮುಂದೊಂದು ದಿನ ಗಂಟು ತಿರುಗಿ ಬಂದರೆ ಆಕೆ ನನ್ನ ಮುಖ ನೋಡಿ ಏನೆನ್ನುತ್ತಾಳೆ? ಕೊಟ್ಟು, ಆ ಬೆರಳುಗಳು ಎಂದೆಂದಿಗೂ ಮರಗಟ್ಟಿ, ಇನ್ನೊಮ್ಮೆ ಸುಟ್ಟುಕೊಂಡರೆ? ಡೋಸ್ ಕಡಿಮೆ ಮಾಡಿ ಕೊಡುವ ನಡುವಿನ ದಾರಿ ಬಹಳ ಆಕರ್ಷಕವಾಗಿ ಕಂಡಿತು. ಆಕೆಯ ಹನ್ನೆರಡೂ ಆಗುತ್ತವೆ, ನನ್ನ ಮೈಮೇಲೂ ಏನೂ ಬರುವುದಿಲ್ಲ. ಹಾಗೆ ಅನ್ನಿಸಿದಾಗಲೇ ಆ ದಾರಿ ಯಾರಿಗೋಸ್ಕರ ಹಿಡಿಯುತ್ತಿದ್ದೇನೆಂದು ನನಗೆ ತಿಳಿಯಿತು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರಾದರೂ ಇದ್ದು, ಹೌದು ಅಥವಾ ಬೇಡ ಅನ್ನಬೇಕಿತ್ತು. ಯಾರೂ ಇರಲಿಲ್ಲ. ನಿಲ್ಲಿಸಿದೆ.

ಅತ್ತೆ ಸೊಸೆ ಇಬ್ಬರನ್ನೂ ಕೂಡಿಸಿಕೊಂಡು ಹೇಳಿದೆ. ಎಂಟರಲ್ಲೇ ಔಷಧಿಯ ಹೆಚ್ಚಿನ ಕೆಲಸ ಆಗಿದೆ, ಮುಂದಿನ ವರ್ಷಗಳಲ್ಲಿ ನುಂಗುವ ಮಾತ್ರೆ ಬೇರೆ ಇದೆ, ತಪಾಸಣೆ ಬಿಡುವುದಿಲ್ಲ. ನಿಲ್ಲಿಸಿದ ಮೇಲೂ ಕೆಲವು ವಾರ ನರದ ತ್ರಾಸು ಏರಬಹುದು, ಆಮೇಲೆ ಇಳಿಯುತ್ತದೆ ಎಂದೂ ಹೇಳಿದೆ. ಆಕೆ ಅದ್ಯಾವುದನ್ನೂ ಕೇಳುತ್ತಿರಲಿಲ್ಲ. ಸೆರಗು ಹೊದ್ದುಕೊಂಡು ಎದ್ದಳು.

“ಹಾಸು ಕಡದ್ರಿ ಬಾಯಾರ ನೀವು,” ಅಂದಳು. ಡ್ರೆಸಿಂಗ್ ಮಾಡಿದ ಕಾಲು ಎಳೆಯುತ್ತ ಹೊರಗೆ ಹೋದಳು.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನು ಮಾಡಿದರೆ ಗಂಡ ಎತ್ತಿ, ಕಾಲಿನ ಗಾಯ ಊರಿನ ದವಾಖಾನೆಯಲ್ಲೇ ತೋರಿಸುತ್ತಿದ್ದೇವೆ, ಮಾಯುತ್ತಿದೆ ಎಂದ. ಆಕೆಯ ಮಂಚಕ್ಕೆ ಮುಧೋಳದ ಕಡೆಯವಳೊಬ್ಬಳು ಬಂದಳು. ಈ ಹೊಸಬಳು ‘ಆರಾಮ’ ಅಂದರೆ ನಾನು ಎರಡು ಸಲ ಕೇಳತೊಡಗಿದೆ.

ತಿಂಗಳ ಮೇಲಾಗಿರಬೇಕು, ಒಂದು ಮಧ್ಯಾಹ್ನ ಹೊರರೋಗಿಗಳ ಸಾಲಿನಲ್ಲಿ ಅತ್ತೆ ಒಬ್ಬರೇ ಕುಳಿತಿದ್ದರು.

“ನಿಮ್ಮ ಔಷಧಿ ನಿಂತ ಮ್ಯಾಲ ಆಕಿಗೆ ಹೆಚ್ಚಾಗೇತ್ರಿ,” ಅಂದರು. “ಕಾಲು ಉರೀತಾವ ಅಂತ ಹೊದಿಕಿ ಸೈತ ತಾಳಂಗಿಲ್ಲ. ಊಟ ಕಡಿಮಿ ಮಾಡ್ಯಾಳ. ಮಾತಂತೂ ಇಲ್ಲಽ ಇಲ್ಲ. ನಾ ಏನೂ ಕಾವು ಕೊಟ್ಟಿಲ್ರೀ, ಖರೇನ ಕೊಟ್ಟಿಲ್ಲ.”

ಕೊನೆಯ ಮಾತನ್ನು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದರು. ನಾನು ಐತಾರ ಮನೆಗೆ ಬರುತ್ತೇನೆಂದೆ.

ಭಾನುವಾರ ಬೆಳಿಗ್ಗೆ ಕಾರು ತೆಗೆದುಕೊಂಡು ಹೊರಟೆ. ಟ್ರ್ಯಾಕ್ಟರುಗಳ ಹಿಂದೆ ಹಿಂದೆ ತೆವಳುತ್ತ, ಎದುರಿನವನಿಗೂ ನನಗೂ ದಾರಿ ಸಾಲದೆ ಇಬ್ಬರೂ ಬೈದುಕೊಳ್ಳುತ್ತ, ಬನಹಟ್ಟಿ ಸೇರಿದೆ. ಓಣಿಗೆ ಓಣಿಯೇ ಪವರ್‌ಲೂಮಿನ ಸದ್ದು. ಆ ಸದ್ದಿನ ನಡುವೆ ಒಂದು ಕಟ್ಟೆಯ ಮೇಲೆ ಆಕೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ತಲೆಯ ಮೇಲೆ ಕೂದಲು ಸಣ್ಣಗೆ ಚಿಗುರಿತ್ತು. ಎದುರು ಮನೆಯಲ್ಲಿ ಬೇರೆ ಯಾರೋ ಇಬ್ಬರು ಹಾಸು ಕೆಚ್ಚುತ್ತ ಕುಳಿತಿದ್ದರು, ಅವರ ಮಾತು ನಗು ಬಾಗಿಲಿನಿಂದ ಕೇಳುತ್ತಿತ್ತು.

“ಯಾಕ ಬಂದ್ರಿ ಬಾಯಾರ?”

“ಐತಾರ ನನಗ ಮಾಡಾಕ ಏನೂ ಇರೂದಿಲ್ಲ,” ಅಂದೆ. ನಿಜವನ್ನೇ ಹೇಳಿದ್ದೆ. ಆಕೆ ತಮಾಷೆ ಎಂದುಕೊಂಡು ತುಸು ನಕ್ಕಳು.

ಒಳಗೆ ಕುಳಿತು ಕಾಲು ನೋಡಿದೆ. ಗಾಯ ಮಾಗಿತ್ತು. ಉರಿಗೆ ಡುಲಾಕ್ಸೆಟಿನ್ ಎಂಬ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದೆ. ಇದು ನೋವಿಗೆ, ಮರಗಟ್ಟಿದ್ದಕ್ಕಲ್ಲ, ಮೊದಮೊದಲು ಹೊಟ್ಟೆ ತೊಳಸುತ್ತದೆ, ಊಟವಾದ ಮೇಲೆ ತಗೋ, ನನ್ನನ್ನು ಕೇಳದೆ ಬಿಡಬೇಡ ಎಂದು ಬಿಡಿಸಿ ಹೇಳಿದೆ. ಔಷಧಿ ಅಂಗಡಿಯವನು ಕೊಟ್ಟ ಶಕ್ತಿಯ ಮಾತ್ರೆಗಳ ಸೀಸೆ ಇತ್ತು, ಅದನ್ನು ಬಿಡಿಸಿದೆ. ರೊಟ್ಟಿಯನ್ನು ಹಂಚಿನ ಮೇಲೆ ಕೈಯಿಂದ ಹೊರಳಿಸುವುದು ಬೇಡ, ಇಕ್ಕಳ ಬಳಸು. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡು. ಒಂದು ಡಬ್ಬಿಯಲ್ಲಿ ಜೋಳ ತುಂಬಿ, ಅದರಲ್ಲಿ ಹುಣಸೆ ಬೀಜ ಹುಗಿದು, ಕಣ್ಣು ಮುಚ್ಚಿ ಹುಡುಕಿ ತೆಗೆ. ಇದರಿಂದ ನರ ಬೆಳೆಯುತ್ತದೆ ಎಂದು ನಾನು ಹೇಳಲಿಲ್ಲ, ಇರುವಷ್ಟು ಸ್ಪರ್ಶವನ್ನು ಬಳಸಲು ಬೆರಳಿಗೆ ರೂಢಿಯಾಗುತ್ತದೆ ಎಂದಷ್ಟೇ ಹೇಳಿದೆ. ಮನೆಯೊಳಗೂ ಚಪ್ಪಲಿ ಹಾಕಬೇಕು ಎಂದಾಗ ಅತ್ತೆ ನಡುವೆ ಬಾಯಿ ಹಾಕಿದರು.

“ಮನ್ಯಾಗ ಚಪ್ಪಲಿ? ಮಗ್ಗ ಇರೋ ಮನ್ರೀ ಇದು ಬಾಯಾರ.”

“ಓಣಿ ಮಣ್ಣು ಮುಟ್ಟಲಾರದ ಹೊಸಾವು ತರ್ರಿ ಆಯಿ. ಮಗ್ಗದ ಹತ್ರ ಆಕಿ ದಪ್ಪ ಕಾಲಚೀಲ ಹಾಕ್ಕೊಳ್ಲಿ, ಸಾಕು. ಮುಳ್ಳು ನಟ್ರೂ ಆಕಿಗೆ ಗೊತ್ತಾಗಂಗಿಲ್ಲ.”

ಅವರು ಮಗ್ಗದ ಕಡೆಗೊಮ್ಮೆ, ಸೊಸೆಯ ಕಾಲಿನ ಕಡೆಗೊಮ್ಮೆ ನೋಡಿದರು. ಕೊನೆಗೆ, “ಹಂಗಾದ್ರ ನಾ ಏನ್ ಮಾಡ್ಲಿ?” ಅಂದರು. ಕಾವು ಕೊಡುವುದು ತಪ್ಪಿದ ಮೇಲೆ ಆ ಕೈಗಳಿಗೂ ಕೆಲಸವಿರಲಿಲ್ಲ.

“ದಿನಾ ಚಸ್ಮಾ ಹಾಕ್ಕೊಂಡು ಆಕಿ ಅಂಗಾಲು ನೋಡ್ರಿ. ಗಾಯ, ಬೊಬ್ಬಿ, ಬಿರುಕು ಏನರ ಐತೇನು ಅಂತ. ಅದು ಆಕಿಗೆ ಕಾಣಂಗಿಲ್ಲ, ತಿಳಿಯಂಗೂ ಇಲ್ಲ.”

ಮುದುಕಿ ಆಗಲೇ ಚಸ್ಮಾ ಹುಡುಕಲು ಎದ್ದು ಹೋದರು.

ಇಬ್ಬರೇ ಉಳಿದಾಗ ಆಕೆ ಮೆಲ್ಲಗೆ ಹೇಳಿದಳು, “ಎಲ್ಲಾರೂ ಬಂದು ಗೆದ್ದಿ ಬಿಡು ಅಂತಾರ್ರೀ. ನಾನೂ ಹೌದು ಅಂತೇನಿ. ಈ ಕೈ ನನ್ನೂವು ಅಲ್ಲ ಅನ್ನಸ್ತೈತಿ, ಅದನ್ನ ಯಾರ ಮುಂದ ಹೇಳ್ಲಿ?” ನನ್ನತ್ತ ತಿರುಗಿ ಕೇಳಿದಳು, “ನಿಮ್ಮ ಮನ್ಯಾಗ ಯಾರ್ಯಾರು ಅದಾರ್ರೀ ಬಾಯಾರ?”

“ನಾ ಒಬ್ಬಾಕಿನ.”

ಅತ್ತೆ ತಂದಿಟ್ಟಿದ್ದ ಚುರಮರಿಯ ತಟ್ಟೆಯನ್ನು ಅಂಗೈಯ ಬದಿಯಿಂದ ನನ್ನ ಕಡೆ ಸರಿಸಿದಳು. ಇಬ್ಬರೂ ತಿಂದೆವು.

ಮುಂದಿನದೆಲ್ಲ ನಿಧಾನದ ಕೆಲಸ, ಹೇಳುವಂಥದ್ದು ಕಡಿಮೆ. ಹೊಟ್ಟೆ ತೊಳಸಿತೆಂದು ಒಮ್ಮೆ ಮಾತ್ರೆ ಬಿಟ್ಟಳು, ಉರಿ ಏರಿತು, ಮತ್ತೆ ಸಣ್ಣದರಿಂದ ಶುರು ಮಾಡಿದೆವು. ಒಂದು ಸಲ ಮೆಟ್ಟಿಲಲ್ಲಿ ಬಿದ್ದು ಮೊಣಕೈ ತರಚಿಕೊಂಡಳು. ತಪಾಸಣೆಗೆ ತಪ್ಪದೆ ಬರತೊಡಗಿದಳು, ಹೊಸ ಚಪ್ಪಲಿ ಬೇರೆ, ಓಣಿಯ ಚಪ್ಪಲಿ ಬೇರೆ ಎಂದು ಅತ್ತೆ ಪ್ರತಿ ಸಲ ನನಗೆ ವರದಿ ಒಪ್ಪಿಸುತ್ತಿದ್ದರು. ಉರಿ ಇಳಿದು ಹೊದಿಕೆ ಹೊದ್ದುಕೊಳ್ಳುವಂತಾಯಿತು. ಬೆರಳು ಮಾತ್ರ ಹಾಗೇ ಇದ್ದವು. ಎಳೆ ಮುಟ್ಟಿಸಿದರೆ ಈಗ ಆಕೆ ಸುಮ್ಮನಿರುತ್ತಿದ್ದಳು. ಆ ಮೌನವನ್ನು ಕೇಳುತ್ತ ಕುಳಿತಾಗ, ನಿಲ್ಲಿಸಿದ್ದು ತಡವಾಯಿತೋ, ನಿಲ್ಲಿಸಿದ್ದೇ ತಪ್ಪಾಯಿತೋ ಎಂದು ಎರಡೂ ಕಡೆಯಿಂದ ಹೆದರುತ್ತಿದ್ದೆ. ಎದೆ, ಕಂಕುಳು ಪ್ರತಿ ಸಲ ಮುಟ್ಟಿ ನೋಡುವಾಗ ನನ್ನ ಬೆರಳುಗಳೇ ತಣ್ಣಗಾಗಿರುತ್ತಿದ್ದವು.

ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಒಂದು ದಿನ ಒಬ್ಬಳೇ ಬಂದಳು. ಅತ್ತೆಯನ್ನು ಬಿಟ್ಟು ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಎದೆ, ಕಂಕುಳು ನೋಡಿದೆ. ಗಂಟಿರಲಿಲ್ಲ. ದಿಂಬು ತಂದಿಟ್ಟೆ. ಹೇಳುವ ಮೊದಲೇ ಕೈ ಚಾಚಿ ಕಣ್ಣು ಮುಚ್ಚಿಕೊಂಡಳು.

“ಮುಟ್ಟಿದಾಗ ಹೂಂ ಅನ್ನು.”

ಕಿರುಬೆರಳಿಗೆ ಮುಟ್ಟಿಸಿದೆ. ಸುಮ್ಮನಿದ್ದಳು. ಉಂಗುರದ ಬೆರಳಿಗೂ ಸುಮ್ಮನೆ. ನಡುಬೆರಳಿಗೆ ಎಳೆ ಬಾಗುವವರೆಗೆ ಒತ್ತಿದೆ, ಹುಬ್ಬು ಗಂಟಿಕ್ಕಿದಳು, ಏನೂ ಅನ್ನಲಿಲ್ಲ. ಬೇಕೆಂದೇ ಹೊತ್ತು ಬಿಟ್ಟು ಹೆಬ್ಬೆರಳಿಗೆ ಮುಟ್ಟಿಸಿದೆ.

“ಹೂಂ,” ಅಂದಳು.

ನಾನು ಉಸಿರು ಹಿಡಿದು ತೋರುಬೆರಳಿಗೆ ಬಂದೆ. ತಡವಾಗಿ ಬಂತು. “ಹೂಂ. ಸಣ್ಣಗ ಐತ್ರಿ.”

ಕೆಚ್ಚುವುದು ಆ ಎರಡು ಬೆರಳಿನ ನಡುವೆಯೇ. ನಂಬಲು ಧೈರ್ಯ ಸಾಲಲಿಲ್ಲ. ಎಳೆಯನ್ನು ಮಡಿಲಲ್ಲಿಟ್ಟು ಸುಮ್ಮನೆ ಕುಳಿತೆ. ಕಿಟಕಿಯಾಚೆ ಬೇವಿನ ಗಿಡ ಅಲುಗುತ್ತಿತ್ತು. ಆಕೆ ಕಣ್ಣು ಮುಚ್ಚಿಯೇ ಇದ್ದಳು, ತಲೆ ತುಸು ವಾರೆ ಮಾಡಿ, ಬೆರಳ ತುದಿಯಿಂದ ಏನನ್ನೋ ಆಲಿಸುತ್ತಿದ್ದಳು. ನಾನು ಕಾದೆ. ಹಳೆಯ ಹೂಂ ಬಂದೀತೆಂದು ಹೆದರಿ ಕಾದೆ.

“ಈಗ ನೀವು ಮುಟ್ಟಿಲ್ರೀ,” ಅಂದಳು.

ನಾನು ಸದ್ದಾಗದಂತೆ ಕಣ್ಣೊರೆಸಿಕೊಂಡೆ. 

“ಸುಮ್ಮನ ಯಾಕ ಕುಂತೀರಿ ಬಾಯಾರ?” ಕಣ್ಣು ತೆರೆಯದೆಯೇ ಕೈಯನ್ನು ದಿಂಬಿನಾಚೆಗೆ, ನನ್ನ ಕಡೆಗೆ ಚಾಚಿದಳು. “ಮುಟ್ರಿ.”